ಮನೆ ಕಟ್ಟಿಸಿಕೊಟ್ಟ, ಸರಿ.. ಕೂಲಿ ಎಷ್ಟು ಕೊಟ್ಟ?

ಕೆಜಿಎಫ್ ಚಾಪ್ಟರ್ 2 ಬಗ್ಗೆ ಒಂದು ಮಾತು ಕೊಂಕು ತೆಗೆದರೆ ಸಾಕು, "ನೀನು ಕನ್ನಡಿಗನೇನಯ್ಯಾ?" ಅಂತ ಮೈಮೇಲೆ ಬೀಳ್ತಾರೆ. ಸಾವಿರ ಕೋಟಿ ದಾಟಿದ ಮೊದಲ ಕನ್ನಡ ಸಿನೆಮಾ ಅಲ್ವಾ, ಅದಕ್ಕೇ. ಗುರೂ, ಸಾವಿರ ಕೋಟಿ ನಿರ್ಮಾಪಕರ ಲೆಕ್ಕ. ಟಿಕೆಟ್ ಕೊಂಡು ಕೂತವನ ಲೆಕ್ಕ ಬೇರೆ ಇರುತ್ತೆ. ನನ್ನ ಲೆಕ್ಕದಲ್ಲಿ 2018ರ ಮೊದಲ ಭಾಗ ದೊಡ್ಡ ಸಿನೆಮಾ, 2022ರ ಎರಡನೇ ಭಾಗ ದೊಡ್ಡ ಸದ್ದು. ಅಷ್ಟೇ ವ್ಯತ್ಯಾಸ!

ಅನಂತನಾಗ್ ಜಾಗಕ್ಕೆ ಪ್ರಕಾಶ್ ರೈ ಬಂದರು, ಅದಕ್ಕೇ ಮಜಾ ಹೋಯ್ತು ಅಂತ ಕೆಲವರು ಹೇಳ್ತಾರೆ. ನನ್ನ ತಕರಾರು ಅದಲ್ಲ. ನಿರ್ದೇಶನ ಅದೇ ಪ್ರಶಾಂತ್ ನೀಲ್, ಕ್ಯಾಮೆರಾ ಅದೇ ಭುವನ್ ಗೌಡ, ಸಂಗೀತ ಅದೇ ರವಿ ಬಸ್ರೂರು. ಅದೇ ಮಸಿ ಬಣ್ಣ, ಅದೇ ಹೊಗೆ. ಹಾಗಿದ್ರೂ ಮೊದಲನೆಯದರಲ್ಲಿ ಎದೆಗೆ ಬಡಿದ ಸ್ಟೈಲು ಎರಡನೆಯದರಲ್ಲಿ ಬರೀ ಕಿವಿಗೆ ಬಡಿಯುತ್ತೆ, ಯಾಕೆ?

ಯಾಕಂದ್ರೆ ಮೊದಲ ಭಾಗದಲ್ಲಿ ಗಣಿಯ ಜನ ಇದ್ದರು. ರಾಕಿ ನರಾಚಿಯೊಳಗೆ ಹೋಗೋದು ಜೀತದಾಳಿನ ವೇಷದಲ್ಲಿ. ಅಲ್ಲಿ ಹೆಚ್ಚಿನ ಹೊತ್ತು ಅವನು ಬಾಯಿ ಬಿಡೋದೇ ಇಲ್ಲ, ನೋಡ್ತಾ ಇರ್ತಾನೆ. ಅವನ ಜೊತೆ ನಾವೂ ನೋಡ್ತೀವಿ. ಆ ಕುರುಡು ಮುದುಕನಿಗಾಗಿ ಅವನು ಕಾವಲುಗಾರರ ಮೇಲೆ ತಿರುಗಿಬೀಳುವಾಗ ಥಿಯೇಟರಲ್ಲಿ ಶಿಳ್ಳೆ ಬಿತ್ತಲ್ಲ, ಆ ಶಿಳ್ಳೆ ರಾಕಿಯ ಬೈಸೆಪ್ಸಿಗೆ ಬಿದ್ದಿದ್ದಲ್ಲ. ಅಷ್ಟು ಹೊತ್ತು ಆ ಜನರ ಜೊತೆ ನಾವೂ ಹಲ್ಲು ಕಚ್ಚಿ ಕೂತಿದ್ದೆವು, ಅದಕ್ಕೆ.

ಎರಡನೇ ಭಾಗದಲ್ಲಿ ರಾಕಿ ಧಣಿ. ಕೋಟೆ ಅವನದು, ಚಿನ್ನ ಅವನದು, ಕ್ಯಾಮೆರಾನೂ ಅವನದೇ. 'ದೊಡ್ಡಮ್ಮ' ಅನ್ನೋ ಮಷಿನ್ ಗನ್ನಿಂದ ಪೊಲೀಸ್ ಠಾಣೆ ಪುಡಿ ಮಾಡ್ತಾನೆ, ಸಂಸತ್ತಿಗೇ ನುಗ್ಗಿ ಗುಂಡು ಹಾರಿಸ್ತಾನೆ. ಇದೆಲ್ಲಾ ಯಾರ ಪರವಾಗಿ? ಮೊದಲ ಭಾಗದಲ್ಲಿ ಬೀದಿಗೆ ಬಿದ್ದ ಒಂದು ಬನ್ನಿಗಾಗಿ, ಮಗು ಎತ್ತಿಕೊಂಡ ಒಬ್ಬ ತಾಯಿಗಾಗಿ, ಬೊಂಬಾಯಿಯ ಟ್ರಾಫಿಕ್ ನಿಲ್ಲಿಸಿದವನು ಇವನೇ. ಎರಡನೆಯದರಲ್ಲಿ ರೀನಾಳನ್ನ ಇಷ್ಟಾನಾ ಕಷ್ಟಾನಾ ಅಂತ ಕೇಳದೆ ನರಾಚಿಗೆ ತಂದು ಇಟ್ಕೋತಾನೆ. ಕೊನೆಗೆ ಅವಳು ಗುಂಡಿಗೆ ಬಲಿಯಾಗೋದೂ ಇವನ ಕೋಪಕ್ಕೆ ಪೆಟ್ರೋಲ್ ಸುರಿಯೋಕೆ!

"ಯಾಕೆ, ಜನಕ್ಕೆ ಮನೆ ಕಟ್ಟಿಸಿಕೊಟ್ನಲ್ಲ?" ಅಂತೀರಿ. ಕೊಟ್ಟ, ಸರಿ. ಕೂಲಿ ಎಷ್ಟು ಕೊಟ್ಟ? ಮನೆ ಕೊಡೋದು ಧಣಿಯ ದೊಡ್ಡತನ, ಕೂಲಿ ಕೇಳೋದು ಆಳಿನ ಹಕ್ಕು. ಸಿನೆಮಾ ಮೊದಲನೆಯದನ್ನ ತೋರಿಸಿ ಎರಡನೆಯದನ್ನ ಮರೆತೇಬಿಡುತ್ತೆ. ಅಷ್ಟೂ ಚಿನ್ನ ಕೊನೆಗೆ ಅವನ ಜೊತೆ ಸಮುದ್ರದ ಪಾಲು. ತಾಯಿಗೆ ಕೊಟ್ಟ ಮಾತು ಅಂತೆ. ಅಗೆದವರನ್ನ ಒಂದು ಮಾತು ಕೇಳಿದ್ರಾ? ಗರುಡನ ತಲೆ ಹಾರಿದಾಗ ನಾವು ಬಿಡುಗಡೆ ಅಂದ್ಕೊಂಡಿದ್ದು ಬರೀ ಯಜಮಾನ ಬದಲಾಗಿದ್ದು ಅಂತ ಎರಡನೇ ಭಾಗ ತಾನೇ ಒಪ್ಪಿಕೊಳ್ಳುತ್ತೆ, ಒಪ್ಪಿಕೊಂಡಿದ್ದು ತನಗೇ ಗೊತ್ತಿಲ್ಲದ ಹಾಗೆ.

"ಇದು ಡಾಕ್ಯುಮೆಂಟರಿ ಅಲ್ಲಪ್ಪ" ಅನ್ನಬೇಡಿ, ನಂಗೂ ಗೊತ್ತು. ನರಾಚಿ ಕಟ್ಟುಕತೆ. ಆದರೆ ಕೆಜಿಎಫ್ ಕಟ್ಟುಕತೆ ಅಲ್ವಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಊರು, ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಮನುಷ್ಯರು ಇಳಿದ ಊರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗಲೂ ಅಲ್ಲಿನ ಎಷ್ಟೋ ಜನ ಬೆಳಗಾದರೆ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಬರ್ತಾರೆ. ಅವರ ಸೈನೈಡ್ ಗುಡ್ಡದ ಮೇಲೇ ಸೆಟ್ ಹಾಕಿ, ಅವರ ಊರಿನ ಹೆಸರನ್ನೇ ಟೈಟಲ್ ಮಾಡ್ಕೊಂಡ ಮೇಲೆ ಒಂದು ಋಣ ಇರುತ್ತೆ. ಮೊದಲ ಭಾಗ ಅದನ್ನ ಅಷ್ಟಿಷ್ಟಾದರೂ ತೀರಿಸಿತ್ತು.

ಎರಡನೇ ಭಾಗದ ಕೊನೇಲಿ ಚಾಪ್ಟರ್ 3ರ ಸುಳಿವು ಕೊಟ್ಟಿದ್ದಾರೆ. ಮಾಡೋದಾದ್ರೆ ಮಾಡಲಿ, ಮೊದಲ ದಿನವೇ ಹೋಗಿ ನೋಡ್ತೀನಿ. ಆದರೆ ನೀಲ್ ಅವರೇ, ಕ್ಯಾಮೆರಾ ಇನ್ನೊಂದು ಸಲ ಗಣಿಯೊಳಗೆ ಇಳಿಯಲಿ. ಹೀರೋನ ಸುತ್ತ ಎಷ್ಟು ಸಲ ಸುತ್ತಿದರೂ ಅಲ್ಲಿ ಚಿನ್ನ ಸಿಗಲ್ಲ.