ಆ್ಯಪಿನ ಕನ್ನಡ ಮತ್ತು ವಿಭಕ್ತಿ ಪ್ರತ್ಯಯ

ಮೊಬೈಲ್ ಆ್ಯಪ್‌ಗಳಲ್ಲಿ ಕನ್ನಡ ಇರಬೇಕೆಂಬ ಬೇಡಿಕೆ ಹಳೆಯದು. ಈಗ ಅದು ಒಂದು ಮಟ್ಟಿಗೆ ಈಡೇರಿದೆ. ಹಣ ಕಳಿಸುವ, ಟಿಕೆಟ್ ಕಾದಿರಿಸುವ, ದಿನಸಿ ತರಿಸುವ ಎಷ್ಟೋ ಆ್ಯಪ್‌ಗಳ ಭಾಷಾಪಟ್ಟಿಯಲ್ಲಿ ‘ಕನ್ನಡ’ ಎಂಬ ಸಾಲು ಕಾಣುತ್ತದೆ. ಆದರೆ ಅಭಿಮಾನದಿಂದ ಆ ಸಾಲನ್ನು ಒತ್ತಿದ ನಮ್ಮಲ್ಲೇ ಅನೇಕರು ಎರಡು ದಿನಗಳಲ್ಲಿ ಇಂಗ್ಲಿಷಿಗೆ ಮರಳುತ್ತಾರೆ. ಕೇಳಿದರೆ ಉತ್ತರ ಒಂದೇ: “ಆ ಕನ್ನಡಕ್ಕಿಂತ ಇಂಗ್ಲಿಷೇ ಸುಲಭ.” ಬೈಗುಳ ಅನುವಾದಕನ ಪಾಲಿಗೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ತಪ್ಪಿನ ಬಹುಪಾಲು ಅನುವಾದಕನದಲ್ಲ. ಅವನ ಕೈಗೆ ಬರುವ ಹೊತ್ತಿಗೆ ಆ್ಯಪಿನ ಕನ್ನಡ ಕೆಟ್ಟಾಗಿರುತ್ತದೆ.

ಬಸ್ ಟಿಕೆಟ್ಟಿನ ಆ್ಯಪನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಂಗ್ಲಿಷಿನಲ್ಲಿ ‘ಫ್ರಮ್’ ಮತ್ತು ‘ಟು’ ಎಂಬ ಪದಗಳು ಊರಿನ ಹೆಸರಿನ ಹಿಂದೆ ಬೇರೆಯಾಗಿ ನಿಲ್ಲುತ್ತವೆ. ಯಾವ ಊರು ಬಂದು ಕುಳಿತರೂ ಅವುಗಳ ರೂಪ ಬದಲಾಗುವುದಿಲ್ಲ. ಹೀಗಾಗಿ ಆ್ಯಪ್ ಕಟ್ಟುವವನು ವಾಕ್ಯದಲ್ಲಿ ಒಂದು ಖಾಲಿ ಜಾಗ ಬಿಟ್ಟು ನಿಶ್ಚಿಂತನಾಗುತ್ತಾನೆ. ಕನ್ನಡದಲ್ಲಿ ಪ್ರತ್ಯಯವು ನಾಮಪದಕ್ಕೆ ಅಂಟಿಕೊಳ್ಳುತ್ತದೆ. ಅಂಟುವಾಗ ರೂಪ ಬದಲಿಸುತ್ತದೆ. ಧಾರವಾಡಕ್ಕೆ, ಮೈಸೂರಿಗೆ, ದೆಹಲಿಗೆ. ಧಾರವಾಡದಿಂದ, ಮೈಸೂರಿನಿಂದ, ದೆಹಲಿಯಿಂದ. 13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ ವಿಭಕ್ತಿಯ ವಿಚಾರ ಇಂದು ಮೊಬೈಲಿನ ಪರದೆಯ ಮೇಲೆ ‘ಧಾರವಾಡ ಗೆ’ ಎಂದು ಮುಗ್ಗರಿಸುತ್ತದೆ. ಅನುವಾದಕ ಎಂಥ ಪಂಡಿತನಾದರೂ ಇಲ್ಲಿ ನಿರುಪಾಯ, ಏಕೆಂದರೆ ಅವನ ಮುಂದಿರುವುದು ವಾಕ್ಯವಲ್ಲ, ‘ಟು’ ಎಂಬ ಒಂಟಿ ತುಂಡು. ಪರಿಹಾರವಿರುವುದು ವಿನ್ಯಾಸದಲ್ಲಿ. ‘ಹೊರಡುವ ಊರು: ಧಾರವಾಡ. ಸೇರುವ ಊರು: ಪುಣೆ’ ಎಂದು ಬರೆದರೆ ಪ್ರತ್ಯಯದ ಗೊಡವೆಯೇ ಇಲ್ಲ.

ಲಿಂಗ ಮತ್ತು ವಚನಗಳದ್ದೂ ಇದೇ ಕಥೆ. ಯಾರೋ ಸಂದೇಶ ಕಳಿಸಿದರೆಂದು ತಿಳಿಸುವಾಗ ಇಂಗ್ಲಿಷಿನ ಕ್ರಿಯಾಪದಕ್ಕೆ ಕಳಿಸಿದವರು ಗಂಡೋ ಹೆಣ್ಣೋ ಎಂಬ ಚಿಂತೆಯಿಲ್ಲ. ಕನ್ನಡಕ್ಕೆ ಕಳಿಸಿದ್ದಾನೆ, ಕಳಿಸಿದ್ದಾಳೆ, ಕಳಿಸಿದ್ದಾರೆ ಎಂಬ ಮೂರು ದಾರಿಗಳಿವೆ. ಹೆಸರಿನ ಮುಂದೆ ‘ಅವರಿಂದ ಸಂದೇಶ ಬಂದಿದೆ’ ಎಂದರೆ ಗೌರವವೂ ಉಳಿಯಿತು, ವ್ಯಾಕರಣವೂ ಉಳಿಯಿತು. ಜನರನ್ನು ಎಣಿಸುವಾಗ ನಾವು ‘ಎರಡು ಸದಸ್ಯರು’ ಎನ್ನುವುದಿಲ್ಲ, ‘ಇಬ್ಬರು ಸದಸ್ಯರು’ ಎನ್ನುತ್ತೇವೆ. ಅಂಕಿಯನ್ನು ಹಿಂದಕ್ಕೆ ಸರಿಸಿ ‘ಸದಸ್ಯರು: 2’ ಎಂದು ಬರೆದರೆ ಯಾರ ಕಿವಿಗೂ ಕಿರಿಕಿರಿಯಾಗದು.

ಇನ್ನು ಒಂಟಿ ಪದಗಳು. ‘ಬುಕ್’ ಎಂಬ ಗುಂಡಿ ‘ಪುಸ್ತಕ’ವಾಗುವುದು, ‘ಹೋಮ್’ ಎಂಬುದು ‘ಮನೆ’ಯಾಗುವುದು ನಗೆಗೆ ವಸ್ತುವಾದರೂ ಕಾರಣ ಗಂಭೀರವೇ. ಆಂಡ್ರಾಯ್ಡ್ ಆ್ಯಪ್‌ನಲ್ಲಿ ಪರದೆಯ ಮಾತುಗಳನ್ನು ಪ್ರೋಗ್ರಾಮಿನಿಂದ ಬೇರ್ಪಡಿಸಿ ಭಾಷೆಗೊಂದರಂತೆ ಪ್ರತ್ಯೇಕ ಕಡತದಲ್ಲಿ ಇಡುವ ವ್ಯವಸ್ಥೆ ಇದೆ. ಪ್ರತಿ ಮಾತಿನ ಪಕ್ಕದಲ್ಲಿ ಅನುವಾದಕನಿಗಾಗಿ ಟಿಪ್ಪಣಿ ಬರೆಯಬಹುದು. ‘ಇದು ಗುಂಡಿಯ ಮೇಲಿನ ಮಾತು, ಕ್ರಿಯಾಪದ, ಟಿಕೆಟ್ ಕಾದಿರಿಸಲು’ ಎಂಬ ಒಂದು ಸಾಲು ಸಾಕು. ಈ ಸಾಲನ್ನು ಬರೆಯುವವರು ವಿರಳ.

ಲಿಪಿಯ ವಿಷಯವನ್ನೂ ಹೇಳಬೇಕು. ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ‘ರಾಷ್ಟ್ರೀಯ’ ಯುನಿಕೋಡ್‌ನಲ್ಲಿ 9 ಸಂಕೇತಗಳ ಸರಣಿ. ಹೆಸರಿಗೆ ಇಷ್ಟೇ ಅಕ್ಷರವೆಂದು ಇಂಗ್ಲಿಷಿನ ಲೆಕ್ಕದಲ್ಲಿ ಮಿತಿ ಹಾಕಿದರೆ ಕನ್ನಡದ ಹೆಸರು ನಡುವಿನಲ್ಲಿ ತುಂಡಾಗಿ, ಕೊನೆಗೊಂದು ಅರ್ಧಾಕ್ಷರ ಉಳಿಯುತ್ತದೆ. ಎಸ್ಎಂಎಸ್‌ನಲ್ಲೂ ಹಾಗೆಯೇ: ಒಂದು ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರಗಳ ಅವಕಾಶವಿದ್ದರೆ ಕನ್ನಡಕ್ಕೆ 70 ಸಂಕೇತಗಳು ಮಾತ್ರ. ಗುಂಡಿಯ ಎತ್ತರವನ್ನು ಇಂಗ್ಲಿಷಿಗೆ ಅಳೆದು ನಿಗದಿ ಮಾಡಿದರೆ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ಎತ್ತರವನ್ನು ಬರಹಕ್ಕೆ ತಕ್ಕಂತೆ ಹಿಗ್ಗಲು ಬಿಡುವುದು ಕಷ್ಟದ ಕೆಲಸವೇನಲ್ಲ. ಮೊದಲ ದಿನವೇ ಕನ್ನಡ ಹಾಕಿ ನೋಡಿದವನಿಗೆ ಇದು ತಾನಾಗಿ ತಿಳಿಯುತ್ತದೆ.

“ಇಷ್ಟೆಲ್ಲ ಯಾರಿಗಾಗಿ? ಸ್ಮಾರ್ಟ್‌ಫೋನ್ ಇರುವವರಿಗೆ ಇಂಗ್ಲಿಷ್ ಬರುತ್ತದೆ” ಎಂಬ ವಾದವುಂಟು. 2011ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 4.37 ಕೋಟಿ. ಆದರೆ ನಾನು ಸಂಖ್ಯೆಯನ್ನು ಮುಂದಿಟ್ಟು ವಾದಿಸಲಾರೆ. ಮಕ್ಕಳ ಜೊತೆ ಇರಲು ಊರು ಬಿಟ್ಟು ಮುಂಬಯಿಗೋ ಹೈದರಾಬಾದಿಗೋ ಬಂದ ತಂದೆತಾಯಿಗಳನ್ನು ನೋಡಿ. ಅವರಿಗೆ ಬೀದಿಯ ಭಾಷೆ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಹಣದ ಆ್ಯಪಿನಲ್ಲಿ ‘ವಿನಂತಿಯನ್ನು ಅನುಮೋದಿಸಿ’ ಎಂದು ಕಂಡರೆ ಅದು ಹಣ ಬರುವ ಮಾತೋ ಹೋಗುವ ಮಾತೋ ಎಂದು ಅವರು ಹೇಗೆ ಊಹಿಸಬೇಕು? ಹಣ ಪಡೆಯಲು ಪಿನ್ ಬೇಕಿಲ್ಲ, ಕಳಿಸಲು ಮಾತ್ರ ಬೇಕು. ಈ ಗೊಂದಲವನ್ನೇ ವಂಚಕರು ಬಂಡವಾಳ ಮಾಡಿಕೊಳ್ಳುತ್ತಾರೆ. ‘ನಿಮ್ಮ ಖಾತೆಯಿಂದ 2,000 ರೂಪಾಯಿ ಹೋಗುತ್ತದೆ. ಕಳಿಸಲೇ?’ ಎಂದು ಬರೆದರೆ ಯಾರೂ ಎರಡು ಬಾರಿ ಓದಬೇಕಿಲ್ಲ. ಸರ್ಕಾರಿ ಕಚೇರಿಯಲ್ಲಿ ದುಡಿಯುವ ನನಗೆ ‘ಅನುಮೋದನೆ’ ಎಂಬ ಪದದ ಮೇಲೆ ದ್ವೇಷವಿಲ್ಲ. ಅದು ಕಡತಕ್ಕೆ ಒಪ್ಪುವ ಪದ. ಅಡುಗೆಮನೆಯಲ್ಲಿ ನಿಂತು ತರಕಾರಿಯವನಿಗೆ ಹಣ ಕಳಿಸುವ ತಾಯಿಗೆ ಅದು ಒಪ್ಪದು.

ಹೊರನಾಡಿನವರಿಗೆ ಇನ್ನೊಂದು ತೊಡಕಿದೆ. ಕೆಲವು ಆ್ಯಪ್‌ಗಳು ಊರನ್ನು ನೋಡಿ ಭಾಷೆಯನ್ನು ಊಹಿಸುತ್ತವೆ: ಪುಣೆಯಲ್ಲಿದ್ದೀರಿ, ಆದ್ದರಿಂದ ಮರಾಠಿ, ಚೆನ್ನೈಯಲ್ಲಿದ್ದೀರಿ, ಆದ್ದರಿಂದ ತಮಿಳು. ಆ ಭಾಷೆಗಳ ಬಗ್ಗೆ ನಮಗೆ ಪ್ರೀತಿಯಿದೆ. ಆದರೆ ಓದುವ ಭಾಷೆಯನ್ನು ಆರಿಸುವ ಹಕ್ಕು ಓದುವವನದು. ಆ್ಯಪಿಗೊಂದು ಭಾಷೆ ಆರಿಸುವ ಸೌಲಭ್ಯ ಐಫೋನಿನಲ್ಲಿ 2019ರಿಂದ, ಆಂಡ್ರಾಯ್ಡ್‌ನಲ್ಲಿ 13ನೆಯ ಆವೃತ್ತಿ ಬಂದ 2022ರಿಂದ ಇದೆ. ಅದನ್ನು ಗೌರವಿಸುವುದು ಆ್ಯಪ್ ಕಟ್ಟುವವರ ಕೆಲಸ.

ಈಗ ಯಂತ್ರಾನುವಾದದ ಕಾಲ. ಕೇಂದ್ರ ಸರ್ಕಾರದ ‘ಭಾಷಿಣಿ’, ಐಐಟಿ ಮದ್ರಾಸಿನ ‘ಎಐ4ಭಾರತ್’ ಮೊದಲಾದ ಪ್ರಯತ್ನಗಳಿಂದ ಕನ್ನಡಕ್ಕೆ ಒಳ್ಳೆಯ ಉಪಕರಣಗಳು ಒದಗುತ್ತಿವೆ. ಇನ್ನು ಅನುವಾದಕನೇ ಬೇಡವೆಂದು ಹಿಗ್ಗುವವರಿದ್ದಾರೆ. ಆದರೆ ಯಂತ್ರಕ್ಕೂ ಇಡೀ ವಾಕ್ಯ ಬೇಕು. ತುಂಡು ಕೊಟ್ಟರೆ ಅದು ತುಂಡನ್ನೇ ಹಿಂದಿರುಗಿಸುತ್ತದೆ. ಮಾತನ್ನು ಕೇಳಿ ಕೆಲಸ ಮಾಡುವ ಆ್ಯಪ್‌ಗಳಲ್ಲಂತೂ ವಿಭಕ್ತಿ ಎದುರುದಿಕ್ಕಿನಿಂದ ಬಂದು ನಿಲ್ಲುತ್ತದೆ. ‘ಧಾರವಾಡಕ್ಕೆ ಟಿಕೆಟ್ ಬೇಕು’ ಎಂದಾಗ ‘ಕ್ಕೆ’ಯನ್ನು ಕಳಚಿ ಊರನ್ನು ಗುರುತಿಸಲು ಆ್ಯಪಿಗೆ ಬರಬೇಕು. ವ್ಯಾಕರಣದಿಂದ ತಪ್ಪಿಸಿಕೊಳ್ಳುವ ದಾರಿ ಯಾವ ತಂತ್ರಜ್ಞಾನಕ್ಕೂ ಇಲ್ಲ.

ನಮ್ಮ ಕನ್ನಡ ಸಂಘಗಳಲ್ಲಿ ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ಕೊರತೆಯಿಲ್ಲ. ಕನ್ನಡವನ್ನು ಬಲ್ಲ ಹಿರಿಯರಿಗೂ ಇಲ್ಲ. ರಾಜ್ಯೋತ್ಸವದಂದು ಇಬ್ಬರೂ ಒಂದೇ ಸಭಾಂಗಣದಲ್ಲಿ ಕುಳಿತು, ಊಟ ಮುಗಿಸಿ, ಬೇರೆ ಬೇರೆ ದಾರಿ ಹಿಡಿಯುತ್ತಾರೆ. ವರ್ಷಕ್ಕೆ ಎರಡು ಸಂಜೆಯಾದರೂ ಅವರು ಒಂದೇ ಮೇಜಿನ ಸುತ್ತ ಕೂರಲಿ. ದಿನವೂ ಬಳಸುವ ಒಂದು ಆ್ಯಪನ್ನು ಕನ್ನಡಕ್ಕೆ ತಿರುಗಿಸಿ, ಪರದೆ ಪರದೆಯಾಗಿ ಓದಿ, ತಪ್ಪುಗಳ ಚಿತ್ರ ತೆಗೆದು, ಸರಿಯಾದ ಮಾತನ್ನು ಪಕ್ಕದಲ್ಲಿ ಬರೆದು ತಯಾರಕರಿಗೆ ಕಳಿಸಲಿ. ‘ಕನ್ನಡ ಸರಿಯಿಲ್ಲ’ ಎಂಬ ದೂರಿಗೆ ಉತ್ತರ ಬಾರದಿರಬಹುದು. ‘ಹೀಗೆ ಬರೆಯಿರಿ, ಗುಂಡಿಯನ್ನು ಇಷ್ಟು ಎತ್ತರಿಸಿ’ ಎಂಬ ಸಲಹೆಯನ್ನು ಕೆಲಸ ಬಲ್ಲ ಎಂಜಿನಿಯರು ಸುಲಭವಾಗಿ ತಳ್ಳಿಹಾಕಲಾರ.