ಕೂಸಿನ ಬಾಯಲ್ಲಿ ನೊರೆ ನಿಲ್ಲದಿದ್ದರೆ

ನಮ್ಮ ಗದಗ ಸೀಮೆಯಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ. ಗಂಡ ಬೆಂಗಳೂರಲ್ಲಿ, ಹೆಂಡತಿ ಮುಂಡರಗಿಯಲ್ಲೋ ಶಿರಹಟ್ಟಿಯಲ್ಲೋ. ‘ಒರೆಸಿದಷ್ಟೂ ಕೂಸಿನ ಬಾಯಲ್ಲಿ ನೊರೆ ಬರ್ತದ’ ಅಂತ ಫೋನ್ ಬಂದರೆ, ಜೊಲ್ಲು ಬಿಡ್ರಿ ಅನ್ನಬೇಡಿ. ಹಾಲು ಕುಡಿಸಿದಾಗ ಕೆಮ್ಮಿ ನೀಲಿಗಟ್ಟಿದರಂತೂ ತಡ ಮಾಡಲೇಬಾರದು.

ಸುಮಾರು 3,500 ಮಕ್ಕಳಲ್ಲಿ ಒಬ್ಬರಿಗೆ ಅನ್ನನಾಳ ಅರ್ಧಕ್ಕೇ ಮುಚ್ಚಿರುತ್ತದೆ. ಹೆಚ್ಚಿನವರಲ್ಲಿ ಅದರ ಕೆಳಗಿನ ತುಂಡು ಶ್ವಾಸನಾಳಕ್ಕೆ ಕೂಡಿಕೊಂಡಿರುತ್ತದೆ. ಕುಡಿಸಿದ ಹಾಲು ಉಕ್ಕಿ ಶ್ವಾಸಕೋಶ ಸೇರುತ್ತದೆ. ಹೊಟ್ಟೆಯ ಆಮ್ಲವೂ ಅಲ್ಲಿಗೇ ಏರುತ್ತದೆ. ಆದ್ದರಿಂದ ಇಂಥ ಲಕ್ಷಣ ಕಂಡರೆ, ಡಾಕ್ಟರು ನೋಡುವವರೆಗೆ ಎದೆಹಾಲು, ಜೇನು, ಸಕ್ಕರೆ ನೀರು ಏನೂ ಬೇಡ.

ಪರೀಕ್ಷೆ ಸರಳ. ಬಾಯಿಂದ ಇಳಿಸಿದ ನಳಿಕೆ ಸುಮಾರು 10 ಸೆಂ.ಮೀ.ಗೆ ತಡೆದು ನಿಲ್ಲುತ್ತದೆ. ಎಕ್ಸ್‌ರೇಯಲ್ಲಿ ಅದು ಸುರುಳಿ ಸುತ್ತಿದ್ದು ಕಾಣುತ್ತದೆ; ಹೊಟ್ಟೆಯಲ್ಲಿ ಗಾಳಿಯೂ ಕಂಡರೆ ಶ್ವಾಸನಾಳದ ಜೋಡಣೆ ಖಚಿತ. ಮಕ್ಕಳ ಸರ್ಜನ್ ಆ ಜೋಡಣೆ ಕತ್ತರಿಸಿ ಮುಚ್ಚಿ, ಅನ್ನನಾಳದ ತುದಿಗಳನ್ನು ಸೇರಿಸಿ ಹೊಲಿಯುತ್ತಾರೆ. 1941ರಲ್ಲಿ ಅಮೆರಿಕದ ಕ್ಯಾಮೆರಾನ್ ಹೈಟ್ ಇದನ್ನು ಮೊದಲು ಯಶಸ್ವಿಯಾಗಿಸಿದರು. ಈಗ, ತೂಕ ಸರಿಯಿದ್ದು ಹೃದಯದ ತೊಂದರೆ ಇಲ್ಲದ ಬಹುತೇಕ ಮಕ್ಕಳು ಬದುಕುತ್ತಾರೆ.

ಹೆರಿಗೆ ಮಾಡಿಸಿದ ಡಾಕ್ಟರನ್ನು ‘ನಳಿಕೆ ಹಾಕಿ ನೋಡಿದ್ರಾ?’ ಅಂತ ಕೇಳಿ. ಬೇರೆ ಊರಿಗೆ ಒಯ್ಯಬೇಕಾದರೆ 108ಕ್ಕೆ ಫೋನ್ ಮಾಡಿ. ದಾರಿಯುದ್ದಕ್ಕೂ ಕೂಸಿನ ತಲೆ ತುಸು ಎತ್ತರದಲ್ಲಿರಲಿ, ಬಾಯಿಯ ನೊರೆ ತೆಗೆಯುತ್ತಿರಲಿ.