ತೋಡು, ಕಟ್ಟಗಳ ನಕ್ಷೆ ನಾವೇ ಮಾಡುವ

ಕಳೆದ ಬೇಸಗೆಯಲ್ಲಿ, ಮಾರ್ಚ್ ಕೊನೆಗೇ ನಮ್ಮ ಬಾವಿ ಉಪ್ಪಾಯಿತು. ಕಾಪು ಕಡೆಯ ಹೊಳೆಬದಿಯವರಿಗೆ ಇದು ಹೊಸತಲ್ಲ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ತಡವಾದರೆ ಉಬ್ಬರದ ನೀರು ಒಳನುಗ್ಗುತ್ತದೆ. ಮತ್ತೆ ತೆಂಗಿನ ಬುಡಕ್ಕೆ ಬಿಡಲೂ ನೀರಿಲ್ಲ.

ಯಾವ ಬಾವಿ ಯಾವ ದಿನ ಉಪ್ಪಾಯಿತು ಎಂದು ನೆರೆಕರೆಯವರು ಸೇರಿ ಪಟ್ಟಿ ಮಾಡಿ ಕಚೇರಿಗೊಯ್ದೆವು. "ಇದೆಲ್ಲ ಎಲ್ಲಿ ಬರುವುದು ಮಾರಾಯ್ರೆ?" ಎಂದರು. ಅವರ ಮುಂದಿದ್ದ ನಕ್ಷೆಯಲ್ಲಿ ನಮ್ಮ ತೋಡೇ ಇರಲಿಲ್ಲ!

ಸರಕಾರದ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರು ಸಿಗುತ್ತದೆ, ಒಳ್ಳೆಯದೇ. ಆದರೆ ಯಾವ ಕಟ್ಟಕ್ಕೆ ಯಾವಾಗ ಹಲಗೆ ಬಿತ್ತು, ಬೈಲಿನ ಯಾವ ಮೂಲೆಗೆ ಮೊದಲು ಉಪ್ಪು ಬಂತು ಎಂಬುದನ್ನು ಹೇಳಬೇಕಾದವರು ನಾವು.

ಇದಕ್ಕೆ ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಬೇಕಿಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತೋಡು, ಮದಗ, ಕಾಲುದಾರಿಗಳನ್ನು ಯಾರೂ ಸೇರಿಸಬಹುದು. ಕನ್ನಡದಲ್ಲೇ ಹೆಸರು ಬರೆಯಬಹುದು. ಅದರ ಮೇಲೆ ನಮ್ಮ ಪಟ್ಟಿ ಕೂರಿಸಲು ಯುಮ್ಯಾಪ್ ಇದೆ. ಬಾವಿ ಬಳಿ ನಿಂತು ಮೊಬೈಲಿನಲ್ಲಿ ಅಕ್ಷಾಂಶ, ರೇಖಾಂಶ ನೋಡಿ, ದಿನಾಂಕದೊಂದಿಗೆ ಕಂಪ್ಯೂಟರಿನ ಪಟ್ಟಿಯಲ್ಲಿ ತುಂಬಿಸಿ ಏರಿಸಿದರೆ ನಕ್ಷೆಯಲ್ಲಿ ಚುಕ್ಕಿಗಳು ಮೂಡುತ್ತವೆ. ಚುಕ್ಕಿ ಒತ್ತಿದರೆ ವಿವರ. ಕೊಂಡಿಯನ್ನು ವಾಟ್ಸಾಪಿನಲ್ಲಿ ಕಳಿಸಿದರಾಯ್ತು. ಓಪನ್‌ಸ್ಟ್ರೀಟ್‌ಮ್ಯಾಪ್, ಯುಮ್ಯಾಪ್ ಎರಡೂ ಮುಕ್ತ. ಊರಿನ ಭತ್ತದ ಬೀಜದ ಹಾಗೆ: ತಂದು ಬಿತ್ತಬಹುದು, ಬೇಕಾದ್ದನ್ನು ಆರಿಸಬಹುದು, ಇನ್ನೊಬ್ಬರಿಗೂ ಕೊಡಬಹುದು. ಹಿಂದೆ ನಕ್ಷೆ ಎಂದರೆ ಅನುಮತಿಯ ತಲೆಬಿಸಿ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ನಿಯಮ ಸಾಕಷ್ಟು ಸಡಿಲಿಸಿದೆ.

ಕಾರ್ಕಳದ ಕೃಷಿಕ ಮಿತ್ರರೊಬ್ಬರದು ತಕರಾರು. "ನೀರಿರುವ ಜಾಗ ಊರಿಗೆಲ್ಲ ತೋರಿಸಿದರೆ ನಾಳೆ ಟ್ಯಾಂಕರಿನವರು ಬಂದು ನಿಲ್ಲುತ್ತಾರೆ." ಮಾತು ಸುಳ್ಳಲ್ಲ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ತೋಡು, ಕಟ್ಟ, ಮದಗ ಎಲ್ಲರಿಗೂ ಕಾಣಲಿ. ಖಾಸಗಿ ಬಾವಿ, ಬೋರುಗಳ ನಕ್ಷೆ ಕೊಂಡಿ ಸಿಕ್ಕಿದವರಿಗೆ ಮಾತ್ರ ಕಾಣುವಂತಿರಲಿ. ಯುಮ್ಯಾಪ್‌ನಲ್ಲಿ ಆ ಸೌಲಭ್ಯ ಉಂಟು. ಆದರೂ ಕೊಂಡಿ ಕೈಯಿಂದ ಕೈಗೆ ಹೋಗುವ ವಸ್ತು, ಆದ್ದರಿಂದ ಯಜಮಾನರ ಹೆಸರು, ಫೋನ್ ನಂಬರು ಬೇಡವೇ ಬೇಡ. ಬಾವಿಯವರನ್ನು ಕೇಳದೆ ಒಂದು ಚುಕ್ಕಿಯೂ ಬೇಡ.

ಕಂಪ್ಯೂಟರು ನಮಗೆಲ್ಲಿ ಬರುತ್ತದೆ ಎನ್ನಬೇಡಿ. ಉಡುಪಿ, ಮಣಿಪಾಲದಲ್ಲಿ ಓದುವ ಮಕ್ಕಳು ಆದಿತ್ಯವಾರ ಮನೆಗೆ ಬಂದಾಗ ಕೂರಿಸಿಕೊಳ್ಳಿ. ನನಗೆ ಕಲಿಸಿದ್ದು ತಂಗಿಯ ಮಗಳು, ಎರಡು ಗಂಟೆಯಲ್ಲಿ. ಬೈಗುಳವೂ ಸ್ವಲ್ಪ ಸಿಕ್ಕಿತು.

ನಮ್ಮ ಬೈಲಿನ 14 ಬಾವಿ ಏರಿಸಿ ಆಗಿದೆ. ಹಲಗೆ ಹಾಕುವ ಮೊದಲು ಹೊಳೆಯಾಚೆಯವರ ಪಟ್ಟಿಯೂ ಬಂದರೆ ಎರಡೂ ದಡ ಒಟ್ಟಿಗೆ ಕಚೇರಿಗೆ ಹೋಗಬಹುದು. ಕೇಳಿ ಕಳಿಸಿದ್ದೇವೆ.